ಹಳೆಯ ಕಾರು ಕೊಳ್ಳುವ ಮುನ್ನ ಎಂಜಿನ್ನಿನ ಸದ್ದು ಪರೀಕ್ಷಿಸುವ ಕ್ರಮ

ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತರು ಹಲ್ಲು ಎಣಿಸಿ, ಗೊರಸು ನೋಡಿ, ನಾಲ್ಕು ಹೆಜ್ಜೆ ನಡೆಸಿದ ಮೇಲೆಯೇ ಬೆಲೆಯ ಮಾತಿಗೆ ಇಳಿಯುತ್ತಾರೆ. ಅದೇ ರೈತರು ಹಳೆಯ ಕಾರನ್ನೋ ವ್ಯಾನನ್ನೋ ಕೊಳ್ಳುವಾಗ ಬಣ್ಣ, ಸೀಟು, ಟೈರುಗಳನ್ನಷ್ಟೇ ನೋಡಿ ಮುಂಗಡ ಕೊಟ್ಟುಬಿಡುವುದುಂಟು. ಫಸಲು ಮಾರಿದ ಹಣದಿಂದ ಅಥವಾ ಸಾಲದಿಂದ ತಂದ ಅಗ್ಗದ ವಾಹನದ ಎಂಜಿನ್ನನ್ನು ಮೂರೇ ತಿಂಗಳಲ್ಲಿ ಬಿಚ್ಚಿಸಬೇಕಾಗಿ ಬಂದರೆ, ದುರಸ್ತಿಯ ಖರ್ಚು ಕೊಂಡ ಬೆಲೆಯ ದೊಡ್ಡ ಪಾಲನ್ನೇ ನುಂಗಬಹುದು. ಮುಂದಿನ ಬೆಳೆಯ ಬೀಜ-ಗೊಬ್ಬರಕ್ಕೆ ಇಟ್ಟ ಹಣ ಗ್ಯಾರೇಜು ಸೇರುತ್ತದೆ. ಹೆರಿಗೆಗೋ ಜ್ವರಕ್ಕೋ ರಾತ್ರಿ ಆಸ್ಪತ್ರೆಗೆ ಹೊರಟ ವಾಹನ ದಾರಿಯಲ್ಲಿ ನಿಂತರೆ ಆಗುವ ನಷ್ಟವನ್ನಂತೂ ಹಣದಲ್ಲಿ ಅಳೆಯಲಾಗದು.

ಎಂಜಿನ್ನನ್ನು ಬಿಚ್ಚದೆಯೇ ಅದರ ಒಳಸ್ಥಿತಿಯನ್ನು ತಿಳಿಯಲು ಇರುವ ಸುಲಭ ಸಾಧನ ಕಿವಿ. ಎಲೆ ಹಳದಿಯಾದ ಮಾತ್ರಕ್ಕೆ ಬೆಳೆಗೆ ಯೂರಿಯಾ ಹಾಕುವುದು ಸರಿಯಲ್ಲ. ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾದರೆ ಸಾರಜನಕದ ಕೊರತೆಯನ್ನೂ, ಚಿಗುರೆಲೆಗಳು ಮೊದಲು ಹಳದಿಯಾದರೆ ಗಂಧಕ ಅಥವಾ ಕಬ್ಬಿಣದ ಕೊರತೆಯನ್ನೂ ಶಂಕಿಸಲಾಗುತ್ತದೆ. ಎಂಜಿನ್ನಿನ ಸದ್ದನ್ನೂ ಹೀಗೆಯೇ ವಿಂಗಡಿಸಬೇಕು. ಸದ್ದು ಎಲ್ಲಿಂದ ಬರುತ್ತದೆ, ಯಾವಾಗ ಬರುತ್ತದೆ, ಯಾವ ಲಯದಲ್ಲಿ ಬರುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತರೆ ರೋಗದ ಮೂಲ ಬಹುಮಟ್ಟಿಗೆ ಗೊತ್ತಾಗುತ್ತದೆ.

ಉದಾಹರಣೆಯ ವಾಹನ

ಹಳ್ಳಿಗಳಲ್ಲಿ ಕಡಮೆ ಬೆಲೆಗೆ ಕೈಬದಲಾಗುವ ವಾಹನಗಳಲ್ಲಿ ಮಾರುತಿ 800 ಕಾರು ಮತ್ತು ಓಮ್ನಿ ವ್ಯಾನು ಮುಖ್ಯವಾದವು. 1983ರ ಡಿಸೆಂಬರಿನಲ್ಲಿ ಬಂದ ಕಾರಿನ ತಯಾರಿಕೆ 2014ರಲ್ಲೂ, 1984ರಲ್ಲಿ ಬಂದ ವ್ಯಾನಿನ ತಯಾರಿಕೆ 2019ರಲ್ಲೂ ನಿಂತಿತು. ಎರಡರಲ್ಲೂ ಇರುವುದು 796 ಸಿ.ಸಿ.ಯ ಮೂರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಮೂರು ಸಿಲಿಂಡರಿನ ಎಂಜಿನ್ ನಿಧಾನ ವೇಗದಲ್ಲಿ ಸ್ವಲ್ಪ ನಡುಗುವುದು ಸಹಜ. ಅದನ್ನೇ ದೋಷವೆಂದು ತಿಳಿಯಬಾರದು. ವ್ಯಾನಿನಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗಿರುವುದರಿಂದ ಸೀಟನ್ನು ಎತ್ತಿ ಆಲಿಸಬೇಕು. ಮುಂದೆ ಹೇಳುವ ಕ್ರಮವು ಇತರ ಪೆಟ್ರೋಲ್ ಕಾರುಗಳಿಗೂ ಅನ್ವಯಿಸುತ್ತದೆ.

ಸದ್ದಿನ ಲಯ

ಎಂಜಿನ್ನಿನ ಮೇಲ್ಭಾಗದಲ್ಲಿ ವಾಲ್ವುಗಳೂ ಅವನ್ನು ಒತ್ತುವ ಭಾಗಗಳೂ ಇವೆ. ನಡುವೆ ಸಿಲಿಂಡರು ಮತ್ತು ಪಿಸ್ಟನ್, ಕೆಳಗೆ ಕ್ರ್ಯಾಂಕ್ ಶಾಫ್ಟ್ ಮತ್ತು ಅದರ ಬೇರಿಂಗುಗಳಿವೆ. ಕ್ರ್ಯಾಂಕ್ ಎರಡು ಸುತ್ತು ಸುತ್ತಿದಾಗ ಪ್ರತಿಯೊಂದು ವಾಲ್ವು ಒಂದು ಸಲ ತೆರೆಯುತ್ತದೆ. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಒಂದು ವಾಲ್ವಿನ ಸದ್ದು ನಿಮಿಷಕ್ಕೆ 400 ಸಲ ಮಾತ್ರ ಕೇಳುತ್ತದೆ. ಆದುದರಿಂದ ಎಂಜಿನ್ನಿನ ವೇಗಕ್ಕೆ ಹೋಲಿಸಿದರೆ ನಿಧಾನವೆನಿಸುವ, ಮೇಲಿನಿಂದ ಬರುವ ಹಗುರವಾದ ಸದ್ದು ವಾಲ್ವಿನ ಕಡೆಯದು. ಕೆಳಗಿನಿಂದ ಬರುವ ಭಾರವಾದ, ವೇಗದ ಬಡಿತ ಕ್ರ್ಯಾಂಕಿನ ಕಡೆಯದು. ಮೊದಲನೆಯದರ ದುರಸ್ತಿ ಸಾಮಾನ್ಯವಾಗಿ ಅಗ್ಗ, ಎರಡನೆಯದರದು ದುಬಾರಿ.

ಪರೀಕ್ಷೆಗೆ ಸಿದ್ಧತೆ

1. ಬೆಳಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಹೋಗಬೇಕು. ಮಾರುವವರಿಗೆ ಮೊದಲೇ ಸ್ಟಾರ್ಟ್ ಮಾಡದಿರಲು ತಿಳಿಸಬೇಕು. ಹೋದೊಡನೆ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಬೇಕು. ಬಿಸಿಯಾಗಿದ್ದರೆ ಇನ್ನೊಂದು ದಿನ ಬರುವುದು ಲೇಸು. ಕೆಲವು ದೋಷಗಳು ಬಿಸಿಯಾದ ಎಂಜಿನ್ನಿನಲ್ಲಿ ಅಡಗುತ್ತವೆ.

2. ಆಯಿಲ್ ಅಳತೆಯ ಕಡ್ಡಿಯನ್ನು ಎಳೆದು ನೋಡಬೇಕು. ಮಟ್ಟ ಕಡಮೆಯಿದ್ದರೆ ಯಾವ ಎಂಜಿನ್ನಾದರೂ ಸದ್ದು ಮಾಡುತ್ತದೆ. ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ ಎಂದರ್ಥ. ಆಯಿಲ್ ತೀರ ಹೊಸದಾಗಿ, ಅತಿ ಮಂದವಾಗಿ ಕಂಡರೂ ಎಚ್ಚರಿಕೆ ಬೇಕು. ಸವೆದ ಬೇರಿಂಗುಗಳ ಸದ್ದನ್ನು ಕೆಲವು ದಿನ ಮುಚ್ಚಲು ಮಂದವಾದ ಆಯಿಲ್ ಹಾಕುವ ವಾಡಿಕೆಯಿದೆ.

3. ಕೀ ತಿರುಗಿಸಿದಾಗ, ಎಂಜಿನ್ ಆರಂಭವಾಗುವ ಮುನ್ನ, ಆಯಿಲಿನ ಕೆಂಪು ದೀಪ ಉರಿಯಲೇಬೇಕು. ಉರಿಯದಿದ್ದರೆ ಬಲ್ಬು ಸುಟ್ಟಿರಬಹುದು, ಇಲ್ಲವೇ ತೆಗೆದಿರಬಹುದು. ಸ್ಟಾರ್ಟ್ ಆದ ಎರಡು ಮೂರು ಸೆಕೆಂಡಿನಲ್ಲಿ ಅದು ಆರಬೇಕು.

4. ಆಲಿಸುವವರು ಪಂಚೆ, ಟವೆಲ್, ಸೆರಗುಗಳನ್ನು ಬಿಗಿಯಾಗಿ ಕಟ್ಟಿಕೊಂಡು ಫ್ಯಾನು ಮತ್ತು ಬೆಲ್ಟಿನಿಂದ ದೂರವಿರಬೇಕು. ಸದ್ದಿನ ಜಾಗ ಹುಡುಕಲು ಒಂದು ಮೀಟರಿನಷ್ಟು ಉದ್ದದ ರಬ್ಬರ್ ಕೊಳವೆ ಸಾಕು. ಒಂದು ತುದಿಯನ್ನು ಕಿವಿಗೆ ಹಿಡಿದು ಇನ್ನೊಂದನ್ನು ಎಂಜಿನ್ನಿನ ಬೇರೆ ಬೇರೆ ಭಾಗಗಳ ಬಳಿ ಸರಿಸುತ್ತ ಹೋದರೆ ಸದ್ದು ಎಲ್ಲಿ ಹೆಚ್ಚೆಂಬುದು ತಿಳಿಯುತ್ತದೆ.

ಸದ್ದುಗಳ ವಿಂಗಡಣೆ

ಅ) ಟ್ಯಾಪೆಟ್ ಸದ್ದು: ಮೇಲ್ಭಾಗದಿಂದ ಒಂದೇ ಸಮನೆ ಬರುವ ಹಗುರವಾದ 'ಟಿಕ್ ಟಿಕ್' ಸದ್ದು. ವಾಲ್ವಿನ ತುದಿಯಲ್ಲಿ ಬಿಡಬೇಕಾದ ಸಂದು ಹೆಚ್ಚಾಗಿರುವುದು ಇದಕ್ಕೆ ಸಾಮಾನ್ಯ ಕಾರಣ. ಸಂದು ಸರಿಪಡಿಸುವ ಟ್ಯಾಪೆಟ್ ಸೆಟ್ಟಿಂಗ್ ಸಣ್ಣ ಕೆಲಸ. ಈ ಸದ್ದೊಂದರಿಂದಲೇ ವಾಹನವನ್ನು ತಿರಸ್ಕರಿಸಬೇಕಾಗಿಲ್ಲ.

ಸದ್ದಿಲ್ಲದ ಟ್ಯಾಪೆಟ್ಟುಗಳೆಲ್ಲ ಒಳ್ಳೆಯವೆಂದೂ ತಿಳಿಯಬಾರದು. ಸಂದು ತೀರ ಕಡಮೆಯಾದರೆ ಸದ್ದು ನಿಲ್ಲುತ್ತದೆ. ಆದರೆ ವಾಲ್ವು ಪೂರ್ತಿ ಮುಚ್ಚದೆ ಬಿಸಿ ಅನಿಲ ನುಸುಳಿ ಅಂಚು ಸುಡುತ್ತದೆ. ಎಲ್.ಪಿ.ಜಿ. ಕಿಟ್ಟಿನಲ್ಲಿ ಬಹುಕಾಲ ಓಡಿದ ವ್ಯಾನುಗಳಲ್ಲಿ ವಾಲ್ವು ಕೂರುವ ಸ್ಥಳ ಸವೆದು ಹೀಗಾಗುವ ಸಂಭವ ಹೆಚ್ಚು. ಸೈಲೆನ್ಸರಿನ ಬಾಯಿಯ ಬಳಿ ಕೈ ಹಿಡಿದಾಗ ಹೊಗೆಯ ಹೊಡೆತ ಒಂದೇ ಸಮನಾಗಿರದೆ ನಡುನಡುವೆ ತಪ್ಪುತ್ತಿದ್ದರೆ ಮೆಕ್ಯಾನಿಕ್ಕರಿಂದ ಮೂರೂ ಸಿಲಿಂಡರುಗಳ ಕಂಪ್ರೆಷನ್ ಅಳತೆ ಮಾಡಿಸಬೇಕು. ಒಂದು ಸಿಲಿಂಡರ್ ಉಳಿದೆರಡಕ್ಕಿಂತ ತೀರ ಕಡಮೆ ತೋರಿಸಿದರೆ ದೋಷ ಅಲ್ಲಿದೆ.

ಆ) ಪಿಸ್ಟನ್ ಬಡಿತ: ತಣ್ಣಗಿನ ಎಂಜಿನ್ನಿನಲ್ಲಿ ಪೊಳ್ಳು ಮರವನ್ನು ತಟ್ಟಿದಂತೆ ಕೇಳಿ, ಬಿಸಿಯಾದಂತೆ ಕಡಮೆಯಾಗುತ್ತದೆ. ಅಲ್ಯೂಮಿನಿಯಂ ಪಿಸ್ಟನ್ ಕಾದು ಹಿಗ್ಗಿ ಸವೆದ ಸಿಲಿಂಡರಿನ ಸಂದನ್ನು ತುಂಬುವುದೇ ಇದಕ್ಕೆ ಕಾರಣ. ಒಂದೆರಡು ನಿಮಿಷದಲ್ಲಿ ಪೂರ್ತಿ ನಿಂತರೆ ಇನ್ನೂ ಕೆಲವು ಕಾಲ ಓಡಿಸಬಹುದು. ಇದರ ಜೊತೆಗೆ ನೀಲಿ ಹೊಗೆ ಬರುತ್ತಿದ್ದು, ಆಯಿಲ್ ತುಂಬುವ ಮುಚ್ಚಳ ತೆಗೆದಾಗ ಹೊಗೆ ರಭಸದಿಂದ ಉಗುಳುತ್ತಿದ್ದರೆ ಗ್ಯಾರೇಜಿನವರು ಹೇಳುವಂತೆ 'ಬೋರ್ ಹೋಗಿದೆ'.

ಇ) ಬಿಗ್ ಎಂಡ್ ಬೇರಿಂಗಿನ ಬಡಿತ: ಕನೆಕ್ಟಿಂಗ್ ರಾಡು ಕ್ರ್ಯಾಂಕಿಗೆ ಸೇರುವಲ್ಲಿನ ಬೇರಿಂಗ್ ಸವೆದರೆ ಕೆಳಗಿನಿಂದ ಗಟ್ಟಿಯಾದ 'ಟಕ್ ಟಕ್' ಬಡಿತ ಬರುತ್ತದೆ. ಇದು ಪಿಸ್ಟನ್ ಬಡಿತಕ್ಕೆ ವಿರುದ್ಧ. ಎಂಜಿನ್ ಬಿಸಿಯಾಗಿ ಆಯಿಲ್ ತೆಳುವಾದಂತೆ ಸದ್ದು ಹೆಚ್ಚುತ್ತದೆ. ನಿಂತ ವಾಹನದಲ್ಲಿ ಆಕ್ಸಿಲರೇಟರನ್ನು ಮಧ್ಯಮ ವೇಗದವರೆಗೆ ಒತ್ತಿ ತಟ್ಟನೆ ಬಿಟ್ಟಾಗ ಬಡಿತ ಸ್ಪಷ್ಟವಾಗುತ್ತದೆ. ಹಳೆಯ ಕಾರ್ಬುರೇಟರ್ ಮಾದರಿಗಳಲ್ಲಿ ಮೆಕ್ಯಾನಿಕ್ಕರು ಒಂದೊಂದೇ ಪ್ಲಗ್ಗಿನ ಕಿಡಿಯನ್ನು ತಪ್ಪಿಸಿ ನೋಡುತ್ತಾರೆ. ಯಾವ ಸಿಲಿಂಡರಿನ ಕಿಡಿ ತಪ್ಪಿದಾಗ ಬಡಿತ ತಗ್ಗುವುದೋ ಅಲ್ಲಿ ಬೇರಿಂಗ್ ಸವೆದಿದೆ. ಇದನ್ನು ಲಕ್ಷಿಸದೆ ಓಡಿಸಿದರೆ ರಾಡು ಮುರಿದು ಎಂಜಿನ್ನಿನ ಗೋಡೆಯನ್ನೇ ಒಡೆಯಬಹುದು.

ಈ) ಮೇನ್ ಬೇರಿಂಗಿನ ಸದ್ದು: ಬಿಗ್ ಎಂಡಿಗಿಂತ ಆಳವಾದ, 'ಧಡ್ ಧಡ್' ಎಂಬ ಗುದ್ದು. ಏರು ಹತ್ತುವಾಗ, ಭಾರ ಬಿದ್ದಾಗ ಹೆಚ್ಚು. ಬಿಸಿಯಾದ ಎಂಜಿನ್ ನಿಧಾನ ವೇಗದಲ್ಲಿರುವಾಗ ಆಯಿಲ್ ದೀಪ ಮಿಣುಕಿದರೆ ಈ ಸಂಶಯ ಬಲವಾಗುತ್ತದೆ.

ಉ) ಏರಿನಲ್ಲಿ ಬರುವ 'ಕಿಣಿಕಿಣಿ': ಹೆಚ್ಚಿನ ಗೇರಿನಲ್ಲಿ ಏರು ಹತ್ತುವಾಗ ಗಾಜಿನ ಗೋಲಿಗಳನ್ನು ಡಬ್ಬಿಯಲ್ಲಿ ಅಲುಗಿಸಿದಂತಹ ಸದ್ದು ಬಂದು, ಗೇರು ಇಳಿಸಿದಾಗ ನಿಂತರೆ ಅದು ಬೇರಿಂಗಿನದಲ್ಲ. ಕಿಡಿ ಬೇಗ ಹಾರುತ್ತಿರುವುದು ಅಥವಾ ಒಳಗೆ ಇಂಗಾಲ ಕಟ್ಟಿರುವುದು ಕಾರಣವಿರಬಹುದು. ಆರಂಭದಲ್ಲೇ ಸರಿಪಡಿಸಿದರೆ ಖರ್ಚು ಹೆಚ್ಚಿಲ್ಲ. ಬಿಟ್ಟರೆ ಪಿಸ್ಟನ್ನಿಗೆ ಹಾನಿ.

ಹೊರಗಿನ ಸದ್ದುಗಳು

ಕೊಳ್ಳುವವರನ್ನು ಸುಮ್ಮನೆ ಹೆದರಿಸುವ ಸದ್ದುಗಳೂ ಇವೆ. ಒದ್ದೆಯಾದಾಗ ಅಥವಾ ಸಡಿಲವಾದಾಗ ಫ್ಯಾನ್ ಬೆಲ್ಟು ಕಿರುಗುಟ್ಟುತ್ತದೆ. ಎಂಜಿನ್ ನಿಲ್ಲಿಸಿ ಬೆಲ್ಟನ್ನು ಕಳಚಿ ಅರ್ಧ ನಿಮಿಷ ಮಾತ್ರ ಓಡಿಸಿದಾಗ ಸದ್ದು ನಿಂತರೆ ದೋಷವು ಬೆಲ್ಟು, ಆಲ್ಟರ್ನೇಟರ್ ಅಥವಾ ನೀರಿನ ಪಂಪಿನಲ್ಲಿದೆ. ಆಗ ನೀರಿನ ಪಂಪೂ ನಿಂತಿರುವುದರಿಂದ ಹೆಚ್ಚು ಹೊತ್ತು ಓಡಿಸಬಾರದು.

ಸೈಲೆನ್ಸರಿನ ಕೊಳವೆ ಎಂಜಿನ್ನಿಗೆ ಸೇರುವಲ್ಲಿ ಗ್ಯಾಸ್ಕೆಟ್ ಹೋಗಿದ್ದರೆ ಟ್ಯಾಪೆಟ್ಟಿನಂತೆಯೇ 'ಚಿಟ್ ಚಿಟ್' ಎನ್ನುತ್ತದೆ. ಸದ್ದು ಬರುವ ಕಡೆ ಕಪ್ಪು ಮಸಿ ಕಾಣುತ್ತದೆ. ಗೇರು ನ್ಯೂಟ್ರಲ್ಲಿನಲ್ಲಿದ್ದಾಗ ಬರುವ ಗುರುಗುಟ್ಟುವಿಕೆ ಕ್ಲಚ್ ಒತ್ತಿದೊಡನೆ ನಿಂತರೆ ದೋಷ ಗೇರ್ ಬಾಕ್ಸಿನದು. ಕ್ಲಚ್ ಒತ್ತಿದಾಗ ಮಾತ್ರ ಬಂದರೆ ಕ್ಲಚ್ಚಿನ ರಿಲೀಸ್ ಬೇರಿಂಗಿನದು. ಎರಡೂ ಎಂಜಿನ್ನಿನ ರೋಗಗಳಲ್ಲ.

ಟೈಮಿಂಗ್ ಬೆಲ್ಟಿನ ವಿಷಯ ಬೇರೆ. 796 ಸಿ.ಸಿ. ಎಂಜಿನ್ನಿನಲ್ಲಿ ವಾಲ್ವುಗಳನ್ನು ನಡೆಸುವುದು ರಬ್ಬರಿನ ಹಲ್ಲುಬೆಲ್ಟು. ಇದು ಹರಿಯುವ ಮುನ್ನ ಸದ್ದು ಮಾಡದೆಯೂ ಇರಬಹುದು. ಯಾವಾಗ ಬದಲಿಸಿದ್ದೆಂದು ಮಾರುವವರು ದಾಖಲೆ ತೋರಿಸದಿದ್ದರೆ ಕೊಂಡೊಡನೆ ಬದಲಿಸತಕ್ಕದ್ದು. ಆ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು.

ಓಡಿಸಿ ನೋಡುವುದು

ನಿಂತಲ್ಲಿ ಹತ್ತು ನಿಮಿಷ ಆಲಿಸಿದ ಮೇಲೆ ಮನೆಯವರು ನಾಲ್ಕು ಜನರನ್ನು ಕೂರಿಸಿಕೊಂಡು ಕನಿಷ್ಠ ಅರ್ಧ ಗಂಟೆ ಓಡಿಸಬೇಕು. ದಾರಿಯಲ್ಲಿ ಒಂದು ಏರು ಇರಲಿ. ಟೇಪು, ರೇಡಿಯೊ ಬಂದ್ ಇರಲಿ. ಮಾರುವವರು ಮಾತಿಗೆಳೆದರೂ ಕಿವಿ ಎಂಜಿನ್ನಿನ ಮೇಲಿರಲಿ. ಹಿಂದಿರುಗಿದ ಮೇಲೆ ಎಂಜಿನ್ ನಿಲ್ಲಿಸದೆ ಮತ್ತೆ ಬಾನೆಟ್ ಅಥವಾ ಸೀಟು ಎತ್ತಿ ಆಲಿಸಬೇಕು. ಬೆಳಗಿನ ಸದ್ದಿಗೂ ಈಗಿನ ಸದ್ದಿಗೂ ಇರುವ ವ್ಯತ್ಯಾಸವೇ ಪರೀಕ್ಷೆಯ ಮುಖ್ಯ ಫಲ. ತಗ್ಗಿದ ಸದ್ದಿಗಿಂತ ಹೆಚ್ಚಿದ ಸದ್ದು ಅಪಾಯಕಾರಿ.

ತೀರ್ಮಾನ

• ಟ್ಯಾಪೆಟ್, ಫ್ಯಾನ್ ಬೆಲ್ಟ್, ಸೈಲೆನ್ಸರ್ ಗ್ಯಾಸ್ಕೆಟ್ ಸದ್ದು: ಕೊಳ್ಳಬಹುದು, ದುರಸ್ತಿ ಖರ್ಚು ಕಳೆದು ಬೆಲೆ ಹೇಳಬೇಕು.
• ಕ್ಲಚ್, ಗೇರ್ ಬಾಕ್ಸ್, ನೀರಿನ ಪಂಪಿನ ಸದ್ದು: ಗ್ಯಾರೇಜಿನಲ್ಲಿ ಖರ್ಚು ವಿಚಾರಿಸಿದ ಮೇಲೆಯೇ ಮಾತು.
• ಬಿಸಿಯಾದಂತೆ ನಿಲ್ಲುವ ಪಿಸ್ಟನ್ ಬಡಿತ, ಹೊಗೆಯಿಲ್ಲದಿದ್ದರೆ: ಬೆಲೆ ತೀರ ಕಡಮೆಯಿದ್ದರೆ ಮಾತ್ರ.
• ಬಿಸಿಯಾದಂತೆ ಹೆಚ್ಚುವ ಕೆಳಗಿನ ಬಡಿತ, ಮಿಣುಕುವ ಆಯಿಲ್ ದೀಪ, ನೀಲಿ ಹೊಗೆ, ನೀರು ಸೇರಿದ ಆಯಿಲ್: ಎಷ್ಟೇ ಅಗ್ಗವಾದರೂ ಬಿಡುವುದು ಕ್ಷೇಮ.

ಕ್ರ್ಯಾಂಕ್ ಗ್ರೈಂಡಿಂಗ್, ಬೋರ್ ಕೆಲಸ, ಹೊಸ ಬೇರಿಂಗ್ ಇವೆಲ್ಲಕ್ಕೂ ಎಂಜಿನ್ ಇಳಿಸಲೇಬೇಕು. ಆದ್ದರಿಂದ 'ಸಣ್ಣ ಸದ್ದು, ಒಂದು ಸರ್ವಿಸಿಗೆ ಸರಿಹೋಗುತ್ತದೆ' ಎಂದು ಮಾರುವವರು ಹೇಳಿದರೆ, ಅವರೇ ಸರಿಮಾಡಿಸಿ ತೋರಿಸಲೆಂದು ಕೇಳುವುದು ಉಚಿತ. ನಿಜವಾಗಿ ಸಣ್ಣದಿದ್ದರೆ ಅವರು ಹಿಂಜರಿಯಲಾರರು.

ಎಂಜಿನ್ ಒಪ್ಪಿಗೆಯಾದ ಮೇಲೆ ಆರ್.ಸಿ. ಪುಸ್ತಕದ ಎಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ವಾಹನದ ಮೇಲಿನ ಸಂಖ್ಯೆಗಳೊಡನೆ ತಾಳೆ ನೋಡಬೇಕು. ಗ್ಯಾಸ್ ಕಿಟ್ಟಿದ್ದರೆ ಅದೂ ಆರ್.ಸಿ.ಯಲ್ಲಿ ನಮೂದಾಗಿರಬೇಕು. ಸ್ವಂತ ಬಳಕೆಯ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುವುದರಿಂದ, ಅವಧಿ ಹತ್ತಿರವಿದ್ದರೆ ನವೀಕರಣದ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪರಿಚಯದ ಮೆಕ್ಯಾನಿಕ್ಕರೊಬ್ಬರಿಗೆ ಒಂದು ದಿನದ ಕೂಲಿ ಕೊಟ್ಟು ಜೊತೆಗೆ ಕರೆದೊಯ್ದರೆ ಪರೀಕ್ಷೆ ಪೂರ್ಣವಾಗುತ್ತದೆ. ಮುಂಗಡ ಕೊಡುವುದು ಇವೆಲ್ಲ ಮುಗಿದ ಮೇಲೆ.