ಬಾನಿಯೊಳಗೊಂದು ಬೆತ್ಲೆಹೇಮ್



ಆಗಮನ ಕಾಲ ಬಂತೆಂದರೆ ನಮ್ಮ ದೇವಾಲಯಗಳಲ್ಲಿ ಗೋದಲಿ ಕಟ್ಟುವ ಸಂಭ್ರಮ. ಕೊಳ್ಳೇಗಾಲವಿರಲಿ, ಕಾಮಗೆರೆ, ಮಾರ್ಟಳ್ಳಿ, ಸಂದನಪಾಳ್ಯಗಳಿರಲಿ, ಯುವಕರು ಬಿದಿರು, ಹುಲ್ಲು, ಬಣ್ಣದ ಕಾಗದ ತಂದು ದುಡಿಯುತ್ತಾರೆ. ಸಿದ್ಧವಾದ ಗೋದಲಿಯ ಮುಂದೆ ಮೂರು-ನಾಲ್ಕು ವರ್ಷದ ಮಗು ನಿಂತು ಕುರಿಮರಿಯತ್ತ ಕೈ ಚಾಚಿದೊಡನೆ ದೊಡ್ಡವರು ಹೇಳುವ ಮೊದಲ ಮಾತು, "ಮುಟ್ಟಬೇಡ!" ಬೊಂಬೆ ಒಡೆದೀತೆಂಬ ಭಯ ಸಹಜವೇ. ಆದರೆ ಆ ವಯಸ್ಸಿನ ಮಗು ಮುಟ್ಟಿಯೇ ಕಲಿಯುತ್ತದೆ. ಮುಟ್ಟಲು ಬಿಡುವ ಒಂದು ಗೋದಲಿ ಅದಕ್ಕೆ ಮನೆಯಲ್ಲಿ ಬೇಕು. ಅದನ್ನು ಮಾಡುವ ಬಗೆಯನ್ನು ಈ ಪಾಠದಲ್ಲಿ ನೋಡೋಣ.

ಮುಟ್ಟಿ ಅರಿಯುವ ವಿಶ್ವಾಸ

ಸಂತ ಯೊವಾನ್ನರು ತಮ್ಮ ಮೊದಲನೆಯ ಪತ್ರದ ಆರಂಭದಲ್ಲೇ, ತಾವು ಸಾರುವ ಜೀವವಾಕ್ಯವನ್ನು ಕಿವಿಯಾರೆ ಕೇಳಿದ್ದೇವೆ, ಕಣ್ಣಾರೆ ಕಂಡಿದ್ದೇವೆ, ಕೈಯಿಂದ ಮುಟ್ಟಿದ್ದೇವೆ ಎಂದು ಸಾಕ್ಷಿ ಹೇಳುತ್ತಾರೆ (1 ಯೊವಾನ್ನ 1:1). ದೇವರು ಮನುಷ್ಯರಾದರು ಎಂದರೆ ಇದೇ ಅರ್ಥ. ನಮ್ಮ ಕೈಗೆ ಎಟುಕುವಂತೆ ಅವರು ಬಂದರು.

ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಕ್ರಿಸ್ತಜಯಂತಿ ಆಚರಿಸಿದಾಗ ಅಲ್ಲಿ ಬೊಂಬೆಗಳಿರಲಿಲ್ಲ. ಹುಲ್ಲು ತುಂಬಿದ ಮೇವಿನ ತೊಟ್ಟಿ, ಜೀವಂತ ಎತ್ತು, ಕತ್ತೆ ಇದ್ದವು. ಅದರ ಮೇಲೆಯೇ ಬಲಿಪೂಜೆ ನಡೆಯಿತು. ಬಾಲಯೇಸು ಎಂಥ ಬಡತನದಲ್ಲಿ ಹುಟ್ಟಿದರೆಂಬುದನ್ನು ಜನ ಕಣ್ಣಾರೆ ಕಾಣಲೆಂಬುದು ಅವರ ಆಸೆ. ಪೋಪ್ ಫ್ರಾನ್ಸಿಸರು 2019ರ ಡಿಸೆಂಬರ್ 1ರಂದು ಅದೇ ಗ್ರೆಚ್ಚೊದಲ್ಲಿ ಗೋದಲಿಯ ಕುರಿತ ಪತ್ರಕ್ಕೆ ಸಹಿ ಮಾಡಿ, ಮನೆಗಳಲ್ಲಿ ಗೋದಲಿ ಕಟ್ಟುವ ಪದ್ಧತಿಯನ್ನು ಉಳಿಸಿಕೊಳ್ಳುವಂತೆ ಉತ್ತೇಜಿಸಿದರು.

ಕೈಯ ಮೂಲಕ ಕಲಿಕೆ ಎಂಬ ಮಾತನ್ನು ಶಾಲೆಗೆ ತಂದವರಲ್ಲಿ ಮರಿಯಾ ಮಾಂಟೆಸ್ಸರಿ ಪ್ರಮುಖರು. ಅವರು ರೋಮಿನ ಬಡ ಬಡಾವಣೆಯೊಂದರಲ್ಲಿ ಮೊದಲ 'ಮಕ್ಕಳ ಮನೆ'ಯನ್ನು ತೆರೆದದ್ದು 1907ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ. 1939ರಲ್ಲಿ ಮದರಾಸಿಗೆ ಬಂದ ಅವರು ಯುದ್ಧದ ವರ್ಷಗಳನ್ನು ಭಾರತದಲ್ಲೇ ಕಳೆದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಇಂದು ಅಂಗನವಾಡಿಯ ಮಕ್ಕಳೂ ಕಾಳು, ಮರಳು, ಮಣ್ಣುಗಳೊಡನೆ ಆಡಿ ಕಲಿಯುತ್ತಾರೆ.

ಬೇಕಾಗುವ ಸಾಮಾನು

ಅಗಲವಾದ ಒಂದು ಬಾನಿ ಅಥವಾ ಪ್ಲಾಸ್ಟಿಕ್ ಟಬ್ಬು ಸಾಕು. ದನಕ್ಕೆ ಕಲಗಚ್ಚು ಇಡುವ ಬಾನಿಯನ್ನು ಕಂಡಿರುವ ಮಗುವಿಗೆ, ಬಾಲಯೇಸುವನ್ನು ದನದ ಮೇವಿನ ತೊಟ್ಟಿಯಲ್ಲಿ ಮಲಗಿಸಿದರು (ಲೂಕ 2:7) ಎಂಬ ಮಾತು ಬೇಗ ಅರ್ಥವಾಗುತ್ತದೆ. ಅದರಲ್ಲಿ ಚೆನ್ನಾಗಿ ಒಣಗಿದ ರಾಗಿ ಹುಲ್ಲನ್ನು ಕತ್ತರಿಸಿ ಹರಡಿ. ಯಳಂದೂರಿನ ಗದ್ದೆ ಬಯಲಿನವರು ಭತ್ತದ ಹುಲ್ಲು ಹಾಕಬಹುದು. ಒಂದು ಮೂಲೆಯಲ್ಲಿ ಎರಡು ಪಾವು ರಾಗಿ ಸುರಿಯಿರಿ. ಹಳೆಯ ಕಂಬಳಿಯ ತುಂಡು, ಮೆತ್ತನೆಯ ಹತ್ತಿ ಬಟ್ಟೆ, ಮಗುವಿನ ಮುಷ್ಟಿಗಿಂತ ದೊಡ್ಡದಾದ ನಾಲ್ಕು ನುಣುಪು ಕಲ್ಲು, ಒಂದು ಮರದ ಸೌಟು, ಒಂದು ಲೋಟ ಇಡಿ. ಮರಿಯಮ್ಮ, ಜೋಸೆಫರು, ಬಾಲಯೇಸುವನ್ನು ಬಟ್ಟೆ ಸುತ್ತಿ ಮಾಡಿ.

ಕುರಿಮಂದೆಗೆ ನಮ್ಮ ಸೀಮೆಯಲ್ಲೇ ಚೆಂದದ ವಸ್ತುವಿದೆ. ಅದೇ ರೇಷ್ಮೆಗೂಡು. ಚಿಟ್ಟೆ ಹೊರಬಂದು ತೂತಾದ ಖಾಲಿ ಗೂಡಿಗೆ ಕಣ್ಣು ಬರೆದರೆ ಬಿಳಿಯ ಕುರಿಮರಿಯೇ ಸರಿ. ಒಳಗೆ ಹುಳು ಉಳಿದ ಗೂಡು ಬೇಡ, ವಾಸನೆ ಬರುತ್ತದೆ.

ಅನ್ನದೊಡನೆ ಆಟವೇ?

ಕೆಲವು ಅಜ್ಜಿಯರು ಇಲ್ಲಿ ಹುಬ್ಬು ಗಂಟಿಕ್ಕುವುದು ನ್ಯಾಯವೇ. ಮಳೆ ನಂಬಿ ರಾಗಿ ಬೆಳೆಯುವ ಹನೂರಿನ ಕಡೆಯವರಿಗೆ ಒಂದೊಂದು ಕಾಳಿನ ಬೆಲೆಯೂ ಗೊತ್ತು. ಕಾಳನ್ನು ಚೆಲ್ಲುವ ಆಟ ಕಲಿಸಿ, ಆಮೇಲೆ ಅನ್ನ ಬಿಡಬೇಡ ಎಂದರೆ ಮಗು ಯಾವುದನ್ನು ನಂಬೀತು?

ಆದ್ದರಿಂದ ಎರಡು ನಿಯಮಗಳಿರಲಿ. ಮೊದಲನೆಯದು, ಬಾನಿಯ ಕೆಳಗೆ ಚಾಪೆ ಅಥವಾ ಸೀರೆ ಹಾಸಿ, ಚೆಲ್ಲಿದ ಕಾಳನ್ನು ಮಗುವೇ ಆಯ್ದು ಹಾಕಲಿ. ಹಬ್ಬ ಮುಗಿದ ಮೇಲೆ ಕಾಳು ಕೋಳಿಗೆ, ಹುಲ್ಲು ದನಕ್ಕೆ ಹೋಗಲಿ. ಎರಡನೆಯದು, ಆಟಕ್ಕೆ ಎಷ್ಟು ಕಾಳು ತೆಗೆದಿರೋ ಅಷ್ಟೇ ಒಳ್ಳೆಯ ಕಾಳನ್ನು ಬೇರೆ ಅಳೆದಿಟ್ಟು, ಕ್ರಿಸ್ಮಸ್ಸಿಗೆ ಮುಂಚೆ ಕಷ್ಟದಲ್ಲಿರುವ ಒಂದು ಮನೆಗೆ ಮಗುವಿನ ಕೈಯಿಂದಲೇ ಕೊಡಿಸಿ. ಬೆತ್ಲೆಹೇಮ್ ಎಂಬ ಹೀಬ್ರೂ ಹೆಸರಿಗೆ 'ರೊಟ್ಟಿಯ ಮನೆ' ಎಂಬ ಅರ್ಥವಿದೆ. ಹಂಚಿಕೊಳ್ಳದ ಮನೆಗೆ ಆ ಹೆಸರು ಒಪ್ಪುವುದಿಲ್ಲ. ಇಷ್ಟಾದರೂ ಮನಸ್ಸು ಒಪ್ಪದಿದ್ದರೆ ಕಾಳನ್ನು ಬಿಟ್ಟು ಹುಲ್ಲು, ಜರಡಿ ಹಿಡಿದ ಮರಳು ಬಳಸಿ. ಆಟಕ್ಕೆ ಏನೂ ಕಡಿಮೆಯಾಗದು.

ನಾಲ್ಕು ವಾರಗಳ ಪಾಠ

ಮೊದಲನೆಯ ವಾರ: ಬಾನಿಯಲ್ಲಿ ಹುಲ್ಲು, ಕಾಳು ಮಾತ್ರ. ಮಗು ಅಳೆಯಲಿ, ಸುರಿಯಲಿ. "ಇದು ನುಣುಪೋ ಒರಟೋ? ಹೇಗೆ ಸದ್ದು ಮಾಡುತ್ತದೆ?" ಎಂದು ಕೇಳಿ. ಮನೆಯಲ್ಲಿ ತಮಿಳಾಡುವ ಕುಟುಂಬಗಳು ಅದನ್ನು ತಮಿಳಿನಲ್ಲೇ ಕೇಳಲಿ. ಯಾರಿಗಾಗಿ ಈ ಹುಲ್ಲು ಹಾಸುತ್ತಿದ್ದೇವೆಂದು ಹೇಳಿ.

ಎರಡನೆಯ ವಾರ: ಕಲ್ಲುಗಳನ್ನು ಇಟ್ಟು ದಾರಿ ಮಾಡಿ, ಮರಿಯಮ್ಮ-ಜೋಸೆಫರನ್ನು ನಡೆಸಿ. ನಜರೇತಿನಿಂದ ಬೆತ್ಲೆಹೇಮಿಗೆ ನೇರವಾಗಿ ಅಳೆದರೂ ಸುಮಾರು 110 ಕಿಲೋಮೀಟರ್. ಹನೂರಿನ ರಸ್ತೆಯಲ್ಲಿ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರನ್ನು ಕಂಡಿರುವ ಮಗುವಿಗೆ ನಡೆದು ದಣಿದವರ ಕಾಲುನೋವು ತಿಳಿಯುತ್ತದೆ.

ಮೂರನೆಯ ವಾರ: ಕುರಿಗಳನ್ನೂ ಕಂಬಳಿಯನ್ನೂ ಸೇರಿಸಿ. ಚಳಿಯ ರಾತ್ರಿ ಹೊಲದಲ್ಲಿ ಮಂದೆ ಕಾಯುವ ಕುರಿಗಾಹಿಗಳಿಗೇ ಶುಭವಾರ್ತೆ ಮೊದಲು ಬಂತೆಂದು ತಿಳಿಸಿ.

ನಾಲ್ಕನೆಯ ವಾರ: ಹುಲ್ಲಿನ ನಡುವೆ ಮಗುವೇ ಒಂದು ಗುಳಿ ಮಾಡಲಿ. ಅದು ಖಾಲಿಯೇ ಇರಲಿ. ನಮ್ಮ ಗುಡ್ಡಗಾಡಿನ ಹಳ್ಳಿಗಳಲ್ಲಿ ಕೂಲಿಗೆಂದು ದೂರ ಹೋದ ಅಪ್ಪ-ಅಮ್ಮ ಹಬ್ಬಕ್ಕೆ ಬರುವುದನ್ನೇ ಎದುರು ನೋಡುವ ಮಕ್ಕಳಿದ್ದಾರೆ. ಕಾಯುವುದೆಂದರೇನೆಂದು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಅಂಥ ಮನೆಯಲ್ಲಿ ಅಜ್ಜಿಯೇ ಈ ಪಾಠದ ಗುರು. ಕ್ರಿಸ್ಮಸ್ ರಾತ್ರಿ, ಮನೆಯವರೆಲ್ಲ ಕೂಡಿದಾಗ, ಮಗುವಿನ ಕೈಯಿಂದಲೇ ಬಾಲಯೇಸುವನ್ನು ಮಲಗಿಸಿ. ಮೂರು ರಾಯರ ಹಬ್ಬದಂದು ಸ್ವಲ್ಪ ಸಾಂಬ್ರಾಣಿಯನ್ನು ದೊಡ್ಡವರೇ ಹಾಕಿ, ಮಗು ದೂರದಿಂದ ಪರಿಮಳ ನೋಡಲಿ.

ಎಚ್ಚರ ತಪ್ಪದಿರಿ

ಆಟ ಮುಗಿಯುವವರೆಗೆ ದೊಡ್ಡವರೊಬ್ಬರು ಪಕ್ಕದಲ್ಲೇ ಇರಬೇಕು. ಮೂರು ವರ್ಷದೊಳಗಿನ ಮಕ್ಕಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವುದರಿಂದ ಅವರಿಗೆ ಕಾಳು, ರೇಷ್ಮೆಗೂಡು ಬೇಡ. ಬಟ್ಟೆ, ಕಂಬಳಿ, ದೊಡ್ಡ ಮರದ ಸಾಮಾನು ಸಾಕು. ಅವರೆ, ಕಡಲೆಯಂಥ ಕಾಳು ಮೂಗು, ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಥರ್ಮಾಕೋಲ್ ಗುಂಡು, ಮಿನುಗುಪುಡಿ, ನೀರಿನಲ್ಲಿ ಉಬ್ಬುವ ಬಣ್ಣದ ಮಣಿಗಳನ್ನು ಹತ್ತಿರ ತರಬೇಡಿ.

ಅಂದಕ್ಕೆಂದು ಗುಲಗಂಜಿಯನ್ನಾಗಲಿ, ಹರಳು ಬೀಜವನ್ನಾಗಲಿ ಹಾಕಲೇಬಾರದು. ಅಗಿದು ನುಂಗಿದರೆ ಎರಡೂ ಪ್ರಾಣಕ್ಕೆ ಅಪಾಯ ತರುವ ವಿಷ. ಔಷಧಿ ಬೆರೆಸಿ ಬಣ್ಣ ಬಂದ ಬಿತ್ತನೆ ಮುಸುಕಿನ ಜೋಳವೂ ಬೇಡ. ಕಾಳು ಮೂಗಿಗೋ ಕಿವಿಗೋ ಹೋದರೆ ಪಿನ್ನು, ಕಡ್ಡಿ ಹಾಕಿ ಕೀಳಲು ಹೋಗದೆ ವೈದ್ಯರ ಬಳಿ ಕರೆದೊಯ್ಯಿರಿ.

ಬೊಂಬೆ, ದೀಪಗಳಿಗೆ ಹಣವಿಲ್ಲವೆಂದು ಯಾವ ಮನೆಯವರೂ ಕುಗ್ಗಬೇಕಾಗಿಲ್ಲ. ಮೊದಲ ಗೋದಲಿಯಲ್ಲಿ ಇದ್ದುದೂ ನಮ್ಮ ಹಟ್ಟಿಯಲ್ಲಿ ಇರುವುದೇ. ಬಾನಿಯ ಸುತ್ತ ಕುಳಿತು ದಿನವೂ ಹೀಗೆ ಪ್ರಾರ್ಥಿಸಿ:

ಬಾಲಯೇಸುವೇ, ನಿಮಗಾಗಿ ನಮ್ಮ ಪುಟ್ಟ ಕೈಗಳು ಹುಲ್ಲು ಹಾಸಿವೆ. ನಮ್ಮ ಮನೆಗೂ ಬನ್ನಿ. ದೂರದಲ್ಲಿರುವ ನಮ್ಮವರನ್ನು ಕಾಪಾಡಿ. ಹಸಿದವರೊಡನೆ ಹಂಚಿ ಉಣ್ಣುವ ಮನಸ್ಸು ನಮಗೆ ಕೊಡಿ. ಆಮೆನ್.