ಎರಡು ತಳಿ ಅತ್ತೆಯ ಮೈಯಲ್ಲಿ ಬೆರೆತರೆ?

ಪ್ರಶ್ನೆ: ನಾನು ಚನ್ನಪಟ್ಟಣದ ಹತ್ತಿರದ ಹಳ್ಳಿಯವಳು. ರೇಷ್ಮೆ ಹುಳು ಸಾಕುತ್ತೇವೆ. ಮಗ ಬೆಂಗಳೂರಿನಿಂದ ಜ್ವರ ಹೊತ್ತುಕೊಂಡು ಬಂದ. ಅದರ ಹಿಂದೆಯೇ ಕನಕಪುರದಿಂದ ನಾದಿನಿ ಕೆಮ್ಮುತ್ತಾ ಬಂದಳು. ಇಬ್ಬರಿಗೂ ಕೊರೊನಾ. ಈಗ ಸಕ್ಕರೆ ಕಾಯಿಲೆಯಿರುವ 68 ವರ್ಷದ ಅತ್ತೆಗೂ ಬಂದಿದೆ. ಎರಡು ತಳಿ ಒಬ್ಬರ ಮೈಯಲ್ಲಿ ಸೇರಿದರೆ ಹೊಸ ವೈರಸ್ ಹುಟ್ಟುತ್ತದಂತೆ, ಮೊಬೈಲಿನಲ್ಲಿ ನೋಡಿದೆ. ಮಗನನ್ನು ಚೆನ್ನಾಗಿ ಬೈದೆ. ಅತ್ತೆಯನ್ನು ಹಿಂದಿನ ಕೋಣೆಗೆ ಕಳಿಸಿ, ಹುಳುಮನೆಗೆ ತಂದಿದ್ದ ಬ್ಲೀಚಿಂಗ್ ಪುಡಿಯನ್ನು ಬಾಗಿಲಿಗೆಲ್ಲ ಎರಚಿದ್ದೇನೆ. ಅವರಿಗೆ ಎರಡು ಪಟ್ಟು ಅಪಾಯವೇ?

ಉತ್ತರ: ಅಮ್ಮಾ, ಮೊದಲು ಆ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದು ಕಿಟಕಿ ತೆರೆಯಿರಿ. ಖಾಲಿ ಹುಳುಮನೆಗೆ ಅದು ಸರಿ, ಆದರೆ ಕೆಮ್ಮುವ ಹಿರಿಯರಿಗೆ ಆ ಘಾಟು ಕೆಮ್ಮನ್ನು ಇನ್ನಷ್ಟು ಕೆರಳಿಸುತ್ತದೆ.

ನೀವು ನೋಡಿದ್ದು ಪೂರ್ತಿ ಸುಳ್ಳಲ್ಲ. ಬೆಲ್ಜಿಯಂನಲ್ಲಿ 2021ರ ಮಾರ್ಚ್‌ನಲ್ಲಿ 90 ವರ್ಷದ ಅಜ್ಜಿಯೊಬ್ಬರಲ್ಲಿ ಆಲ್ಫಾ, ಬೀಟಾ ಎಂಬ ಎರಡು ತಳಿಗಳೂ ಸಿಕ್ಕವು. ಲಸಿಕೆ ಹಾಕಿಸಿಕೊಂಡಿರದ ಅವರು ತೀರಿಕೊಂಡರು. ಆದರೂ ಜೋಡಿ ಸೋಂಕೇ ಸಾವಿಗೆ ಕಾರಣವೆಂದು ಅಲ್ಲಿನ ವೈದ್ಯರು ಹೇಳಲಿಲ್ಲ. ಅದೇ ವರ್ಷ ಅಸ್ಸಾಂನ ದಿಬ್ರುಗಢದಲ್ಲಿ ಎರಡೂ ಡೋಸ್ ಪಡೆದಿದ್ದ ವೈದ್ಯೆಯೊಬ್ಬರಲ್ಲಿ ಆಲ್ಫಾ, ಡೆಲ್ಟಾ ಒಟ್ಟಿಗೆ ಕಂಡವು. ಅವರು ಆಸ್ಪತ್ರೆ ಸೇರದೆಯೇ ಗುಣವಾದರು. ಜೋಡಿ ಸೋಂಕು ಎಂದ ಮಾತ್ರಕ್ಕೆ ಎರಡು ಪಟ್ಟು ಕಾಯಿಲೆ ಎಂದಲ್ಲ.

ಇನ್ನು ಬೆರಕೆಯ ಮಾತು. ಈ ವೈರಸ್ಸಿನ ಒಡಲಲ್ಲಿರುವ ಆನುವಂಶಿಕ ಬರಹ ಸುಮಾರು 30,000 ಅಕ್ಷರಗಳ ಒಂದೇ ಎಳೆ. ಎರಡು ತಳಿಗಳು ಒಂದೇ ಜೀವಕೋಶಕ್ಕೆ ನುಗ್ಗಿದಾಗ, ನಕಲು ತೆಗೆಯುವ ಕಿಣ್ವ ಅರ್ಧದಲ್ಲಿ ಈ ಎಳೆ ಬಿಟ್ಟು ಆ ಎಳೆ ಹಿಡಿಯಬಹುದು. ರಾಮನಗರದಲ್ಲಿ ನೂಲು ಬಿಚ್ಚುವವರು ಒಂದು ಗೂಡು ಮುಗಿಯುತ್ತಲೇ ಇನ್ನೊಂದರ ತುದಿ ಕೊಡುತ್ತಾರಲ್ಲ, ಹಾಗೆ. ಇಂಥ ಬಹುಪಾಲು ಬೆರಕೆಗಳು ಹುಟ್ಟಿದಲ್ಲೇ ಅಳಿಯುತ್ತವೆ. ಉಳಿದು ಹರಡುವುದು ಅಪರೂಪ. 2022ರಲ್ಲಿ ಭಾರತದಲ್ಲಿ ಮೊದಲು ಗುರುತಿಸಿದ ಎಕ್ಸ್‌ಬಿಬಿ ಅಂಥದ್ದು, ಒಮಿಕ್ರಾನ್‌ನ ಎರಡು ಉಪತಳಿಗಳ ಬೆರಕೆ. ಮರುವರ್ಷ ಅದರ ಸಂತತಿ ದೇಶವೆಲ್ಲ ಹಬ್ಬಿತು, ಆದರೆ ಡೆಲ್ಟಾ ಕಾಲದ ಸಾವುನೋವು ಮರುಕಳಿಸಲಿಲ್ಲ.

ನಿಮ್ಮ ಮನೆಯಲ್ಲಿ ಎರಡು ತಳಿ ಇವೆ ಎಂದು ಹೇಳಿದವರಾದರೂ ಯಾರು? ಬೆಂಗಳೂರು, ಕನಕಪುರ, ಮಾಗಡಿ ಎಲ್ಲ ದಿನನಿತ್ಯದ ಓಡಾಟದ ಊರುಗಳು. ಒಂದು ಕಾಲಕ್ಕೆ ಹೆಚ್ಚಾಗಿ ಒಂದೇ ತಳಿ ಎಲ್ಲ ಕಡೆ ಸುತ್ತುತ್ತಿರುತ್ತದೆ. ಮೂಗಿನ ಸಾಮಾನ್ಯ ಪರೀಕ್ಷೆಯಲ್ಲಿ ತಳಿ ತಿಳಿಯುವುದಿಲ್ಲ, ಅದಕ್ಕೆ ಜೀನೋಮ್ ಪರೀಕ್ಷೆ ಬೇಕು. ತಿಳಿದರೂ ಅತ್ತೆಯ ಚಿಕಿತ್ಸೆ ಬದಲಾಗದು. ಆ ಹಣ, ಆ ಓಡಾಟ ಎರಡೂ ಬೇಡ.

ಮಗನನ್ನು ಕರೆದು ಮಾತಾಡಿಸಿ. 2020ರ ಏಪ್ರಿಲ್ ನಿಮಗೆ ನೆನಪಿರಬಹುದು. ಬೆಂಗಳೂರಿನ ಪಾದರಾಯನಪುರದ ಗಲಾಟೆಯಲ್ಲಿ ಬಂಧಿತರಾದವರನ್ನು ರಾಮನಗರ ಜೈಲಿಗೆ ತಂದಾಗ, ಅವರಲ್ಲಿ ಕೆಲವರಿಗೆ ಸೋಂಕು ಕಂಡು, ಜಿಲ್ಲೆಯೇ ಹೌಹಾರಿತು. ಯಾರು ತಂದರು ಎಂಬ ಜಗಳದಿಂದ ಆಗಲೂ ಯಾರ ಜ್ವರವೂ ಇಳಿಯಲಿಲ್ಲ.

ಅತ್ತೆಗೆ ನಿಜವಾದ ಅಪಾಯವಿರುವುದು ವಯಸ್ಸಿನಿಂದ, ಸಕ್ಕರೆಯಿಂದ. ಅದನ್ನು ನೋಡಿಕೊಳ್ಳಿ. ಸಕ್ಕರೆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಬೇಡ, ರಕ್ತದ ಸಕ್ಕರೆ ಪರೀಕ್ಷಿಸುತ್ತಿರಿ. ವೈದ್ಯರು ಬರೆಯದೆ ಮೆಡಿಕಲ್ ಶಾಪ್‌ನಿಂದ ಸ್ಟೀರಾಯ್ಡ್ ತರಬೇಡಿ. 2021ರಲ್ಲಿ ಕಪ್ಪು ಶಿಲೀಂಧ್ರಕ್ಕೆ ತುತ್ತಾದವರಲ್ಲಿ ಸಕ್ಕರೆ ಕಾಯಿಲೆಯಿದ್ದು ಸ್ಟೀರಾಯ್ಡ್ ನುಂಗಿದವರೇ ಹೆಚ್ಚು. ಗಾಳಿಯಾಡುವ ಕೋಣೆ, ಬಿಸಿ ಗಂಜಿ, ಮಾಸ್ಕ್ ಹಾಕಿಕೊಂಡು ಹತ್ತಿರ ಕೂತು ಮಾತಾಡುವವರು ಒಬ್ಬರು, ಇಷ್ಟಿರಲಿ. ತಟ್ಟೆಯನ್ನು ಬಾಗಿಲಿಂದ ಒಳಗೆ ತಳ್ಳಬೇಡಿ, ಕೈಗೆ ಕೊಡಿ.

ಬೆರಳಿಗೆ ಹಾಕುವ ಆಕ್ಸಿಮೀಟರ್ ಒಂದನ್ನು ತರಿಸಿ. ಅಂಕಿ 94ಕ್ಕಿಂತ ಇಳಿದರೆ, ಏದುಸಿರು ಬಂದರೆ, ಮಾತು ತಡವರಿಸಿದರೆ, ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ, ಅವರನ್ನು ಅದೇ ಹೊತ್ತಿಗೆ ಆಸ್ಪತ್ರೆಗೆ ಕರೆದೊಯ್ಯಿರಿ.