ಕಮ್ಯುನಿಟಿ ಕಾಲೇಜು: ಸೇರುವ ಮುನ್ನ ಅರಿಯತಕ್ಕ ಸಂಗತಿಗಳು

ಅಮೆರಿಕದ ‘ಕಮ್ಯುನಿಟಿ ಕಾಲೇಜು’ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮವರಲ್ಲಿ ಕೆಲವರು ಅದನ್ನು ಟ್ಯುಟೋರಿಯಲ್ಲುಗಳ ಸಾಲಿಗೆ ಸೇರಿಸಿ ಮೂಗು ಮುರಿಯುವುದನ್ನೂ, ಮತ್ತೆ ಕೆಲವರು ಶುಲ್ಕ ಕಡಿಮೆಯೆಂಬ ಒಂದೇ ಕಾರಣದಿಂದ ಸೇರಿ ಎರಡು ವರ್ಷಗಳ ತರುವಾಯ ಪರಿತಪಿಸುವುದನ್ನೂ ಕಂಡು ಈ ನಾಲ್ಕು ಮಾತುಗಳನ್ನು ಬರೆಯಬೇಕಾಯಿತು.

ಇಂತಹ ಸಾರ್ವಜನಿಕ ಕಾಲೇಜುಗಳಿಗೆಲ್ಲ ಹಿರಿಯಕ್ಕನೆನಿಸಿದ ಸಂಸ್ಥೆ ಶಿಕಾಗೋದ ನೈಋತ್ಯಕ್ಕೆ, ಸುಣ್ಣಕಲ್ಲಿನ ಗಣಿಗಳಿಗೂ ಉಕ್ಕಿನ ಕಾರ್ಖಾನೆಗಳಿಗೂ ಹೆಸರಾಗಿದ್ದ ಜೋಲಿಯೆಟ್ ಎಂಬ ಊರಿನಲ್ಲಿದೆ. ಅಲ್ಲಿನ ಪ್ರೌಢಶಾಲೆಯ ಮುಖ್ಯಸ್ಥ ಜೆ. ಸ್ಟ್ಯಾನ್ಲಿ ಬ್ರೌನ್, ಶಿಕಾಗೋ ವಿಶ್ವವಿದ್ಯಾನಿಲಯದ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ ಇವರೀರ್ವರ ಆಲೋಚನೆಯ ಫಲವಾಗಿ, ಊರು ಬಿಟ್ಟು ಹೋಗಲಾರದವರಿಗೂ ವಿಶ್ವವಿದ್ಯಾನಿಲಯದ ಮೊದಲೆರಡು ವರ್ಷಗಳ ವಿದ್ಯೆ ದೊರೆಯಲೆಂಬ ಉದ್ದೇಶದಿಂದ, 1901ರಲ್ಲಿ ಆರೇ ಮಂದಿ ವಿದ್ಯಾರ್ಥಿಗಳೊಡನೆ ಅದು ಆರಂಭವಾಯಿತು. ಇಂದು ಅಲ್ಲಿ ಶುಶ್ರೂಷೆ, ಪಾಕಶಾಸ್ತ್ರ, ಕೃಷಿ, ತೋಟಗಾರಿಕೆ, ವೆಲ್ಡಿಂಗ್ ಮುಂತಾದುವೂ ಬೋಧಿತವಾಗುತ್ತಿವೆ. ಇತಿಹಾಸ ಇಷ್ಟು ಸಾಕು.

ಮೊದಲನೆಯ ಹೆಜ್ಜೆ: ನಿಮ್ಮ ವೀಸಾ ಯಾವುದೆಂದು ನೋಡಿಕೊಳ್ಳಿ. ಪತಿಯ ಉದ್ಯೋಗದ ನಿಮಿತ್ತ ಎಚ್-4 ವೀಸಾದ ಮೇಲೆ ಹೋಗಿರುವ ಹೆಣ್ಣುಮಕ್ಕಳು, ತಾವು ಓದುವಂತಿಲ್ಲವೆಂದು ಭ್ರಮಿಸಿ ವರ್ಷಗಟ್ಟಲೆ ಮನೆಯಲ್ಲಿ ಕುಳಿತಿರುವುದುಂಟು. ಅವರು ವೀಸಾ ಬದಲಿಸದೆಯೇ ಒಂದು ವಿಷಯವನ್ನಾಗಲಿ ಪೂರ್ಣ ಪದವಿಯನ್ನಾಗಲಿ ಓದಬಹುದು. ಭಾರತದಿಂದ ಎಫ್-1 ಎಂಬ ವಿದ್ಯಾರ್ಥಿ ವೀಸಾದ ಮೇಲೆ ಹೋಗುವವರಾದರೋ, ತಾವು ಸೇರಬಯಸುವ ಕಾಲೇಜಿಗೆ ಆ ವೀಸಾಕ್ಕೆ ಬೇಕಾದ ಐ-20 ಪತ್ರ ನೀಡುವ ಅಧಿಕಾರವಿದೆಯೇ ಎಂದು ಮೊದಲೇ ವಿಚಾರಿಸತಕ್ಕದ್ದು. ಸೇರಿದ ಮೇಲೆ ಪ್ರತಿ ಸೆಮಿಸ್ಟರಿನಲ್ಲಿಯೂ ಸಾಮಾನ್ಯವಾಗಿ 12 ಕ್ರೆಡಿಟ್‌ಗಳಿಗೆ ಕಡಿಮೆಯಾಗದಂತೆ ಓದತಕ್ಕದ್ದು.

ಎರಡನೆಯ ಹೆಜ್ಜೆ: ಪದವಿಯ ಆಯ್ಕೆ. ನಮ್ಮವರು ಎಡವುವುದು ಇಲ್ಲಿಯೇ. ಆದುದರಿಂದ ತುಸು ನಿಧಾನಿಸಿ ಹೇಳುತ್ತೇನೆ. ಸುಮಾರು 60 ಕ್ರೆಡಿಟ್‌ಗಳ ವ್ಯಾಸಂಗದಿಂದ ಲಭಿಸುವ ಅಸೋಸಿಯೇಟ್ ಪದವಿಯಲ್ಲಿ ಮುಖ್ಯವಾಗಿ ಎರಡು ಕುಲಗಳುಂಟು. ಎ.ಎ. (ಅಸೋಸಿಯೇಟ್ ಆಫ್ ಆರ್ಟ್ಸ್), ಎ.ಎಸ್. (ಅಸೋಸಿಯೇಟ್ ಆಫ್ ಸೈನ್ಸ್) ಎಂಬುವು ಸಾಮಾನ್ಯವಾಗಿ 120 ಕ್ರೆಡಿಟ್‌ಗಳನ್ನು ಬೇಡುವ ವಿಶ್ವವಿದ್ಯಾನಿಲಯದ ಪದವಿಗೆ ಪೂರ್ವಾರ್ಧವಾಗುವಂತೆ ರಚಿತವಾದುವು, ಎ.ಎ.ಎಸ್. (ಅಸೋಸಿಯೇಟ್ ಆಫ್ ಅಪ್ಲೈಡ್ ಸೈನ್ಸ್) ಎಂಬುದು ನೇರವಾಗಿ ಉದ್ಯೋಗಕ್ಕೆ ಸಿದ್ಧಗೊಳಿಸತಕ್ಕದ್ದು. ಒಂದಕ್ಷರದಿಂದ ಆಗುವುದೇನೆಂದು ಎ.ಎ.ಎಸ್. ಮುಗಿಸಿದ ನನ್ನ ಪರಿಚಿತರ ಮಗನೊಬ್ಬನು ಇಂಜಿನಿಯರಿಂಗ್ ಪದವಿಗೆಂದು ಹೋದಾಗ, ಕಲಿತ ವಿಷಯಗಳಲ್ಲಿ ಬಹುಪಾಲು ಲೆಕ್ಕಕ್ಕೆ ಬಾರದೆ, ಗಣಿತದಿಂದ ಮೊದಲಾಗಿ ಮತ್ತೆ ಆರಂಭಿಸಬೇಕಾಯಿತು. ಏಕೆಂದರೆ ಕಾರ್ಯಾಗಾರಕ್ಕೆ ಬೇಕಾಗುವ ಗಣಿತ ಬೇರೆ, ಇಂಜಿನಿಯರಿಂಗಿಗೆ ಬೇಕಾಗುವ ಕ್ಯಾಲ್ಕ್ಯುಲಸ್ ಬೇರೆ. ಎ.ಎ.ಎಸ್. ಕೀಳೆಂದು ನನ್ನ ಅಭಿಪ್ರಾಯವಲ್ಲ. ವೆಲ್ಡರನೋ ಬಾಣಸಿಗನೋ ಆಗಬಯಸುವವನಿಗೆ ಅದೇ ರಾಜಮಾರ್ಗ. ಕಾಶಿಗೆ ಹೊರಟವನು ರಾಮೇಶ್ವರದ ರೈಲು ಹತ್ತಬಾರದೆಂದಷ್ಟೇ ನನ್ನ ವಿನಂತಿ.

ಮೂರನೆಯ ಹೆಜ್ಜೆ: ಮುಂದೆ ಸೇರಬೇಕೆಂದಿರುವ ವಿಶ್ವವಿದ್ಯಾನಿಲಯವನ್ನು ಈಗಲೇ ನಿಶ್ಚಯಿಸಿ, ಯಾವ ಯಾವ ವಿಷಯಗಳನ್ನು ಅದು ಒಪ್ಪುವುದೆಂದು ಅದರಿಂದಲೇ ತಿಳಿದುಕೊಳ್ಳಿ. ಉದಾಹರಣೆಗೆ, ಜೋಲಿಯೆಟ್ ಇರುವ ಇಲಿನಾಯ್ ರಾಜ್ಯದಲ್ಲಿ ಸಾಮಾನ್ಯ ವಿಷಯಗಳ ವರ್ಗಾವಣೆಗೆ ‘ಐ.ಎ.ಐ.’ ಎಂಬ ಒಡಂಬಡಿಕೆಯಿದೆ. ಅದರಲ್ಲಿ ಪಾಲುಗೊಳ್ಳದ ಸಂಸ್ಥೆಗಳಿಗೆ ಅದು ಅನ್ವಯಿಸದು. ಬಾಯಿಮಾತಿನ ಭರವಸೆಯನ್ನು ನೆಚ್ಚದೆ ಬರಹದಲ್ಲಿ ಪಡೆದಿಡಿ.

ನಾಲ್ಕನೆಯ ಹೆಜ್ಜೆ: ಶುಲ್ಕ ಮತ್ತು ಸಿದ್ಧತೆ. ಜಿಲ್ಲೆಯ ನಿವಾಸಿಗೊಂದು ದರ, ಹೊರರಾಜ್ಯದವನಿಗೊಂದು, ವಿದೇಶೀಯನಿಗೊಂದು. ನೆರೆಮನೆಯವರ ದರವನ್ನು ನಂಬಿ ಹಣ ಹೊಂದಿಸಬೇಡಿ. ಇಂಗ್ಲಿಷ್, ಗಣಿತಗಳ ಪ್ರವೇಶಮಟ್ಟದ ಪರೀಕ್ಷೆಯನ್ನು ಲಘುವಾಗಿ ಎಣಿಸಬೇಡಿ. ಅಂಕಪಟ್ಟಿ, ಬ್ಯಾಂಕಿನ ಪತ್ರಗಳನ್ನು ಮುಂಚಿತವಾಗಿ ಸಿದ್ಧಪಡಿಸಿ.

ಕಡೆಯದಾಗಿ, ಅರ್ಜಿಗೆ ರುಜು ಹಾಕುವ ಮುನ್ನ ಪದವಿಯ ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆಯೆಂದು ಇನ್ನೊಮ್ಮೆ ಎಣಿಸಿ ನೋಡಿ.